ಪ್ರೊಡಕ್ಷನ್ ಬೋರ್ಡಿನ ಮೂರನೇ ಸಾಲು: ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ, ಹಾಗೂ ರಾಜ್ಯದ ಕಾರ್ಖಾನೆಗಳ ತಪಾಸಣೆ ನೋಡಿಕೊಳ್ಳುವ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಹದಿನಾಲ್ಕು ವರ್ಷ ಗಾರ್ಮೆಂಟ್ಸ್‌ಗೆ ಹೋದವಳು. ಮೈಸೂರು ರಸ್ತೆ ಕಡೆಯ ಒಂದು ಫ್ಯಾಕ್ಟರಿ. ಮೊದಲು ಹೆಲ್ಪರ್, ಆಮೇಲೆ ಟೈಲರ್, ಕೊನೆಯ ಒಂಬತ್ತು ವರ್ಷ ರೈಟರ್. ರೈಟರ್ ಕೆಲಸ ಏನು ಅಂತ ಹೊರಗಿನವರಿಗೆ ಗೊತ್ತಿರುವುದಿಲ್ಲ. ಪ್ರತಿ ಲೈನಿನ, ಅಂದರೆ ಹೊಲಿಗೆ ಮಿಷನ್‌ಗಳ ಸಾಲಿನ, ತುದಿಯಲ್ಲಿ ಒಂದು ಬೋರ್ಡ್ ಇರುತ್ತದೆ. ಒಂಬತ್ತರಿಂದ ಹತ್ತು, ಹತ್ತರಿಂದ ಹನ್ನೊಂದು, ಹೀಗೆ ಸಂಜೆವರೆಗೆ ಗೆರೆ ಎಳೆದು ಮನೆ ಮಾಡಿರುತ್ತಾರೆ. ಮೇಲಿನ ಸಾಲಿನಲ್ಲಿ ಟಾರ್ಗೆಟ್. ಕೆಳಗಿನ ಸಾಲಿನಲ್ಲಿ ಆ ಗಂಟೆಯಲ್ಲಿ ನಿಜವಾಗಿ ಹೊರಬಂದ ಪೀಸ್. ಟಾರ್ಗೆಟ್ ಮುಟ್ಟಿದರೆ ಹಸಿರು ಮಾರ್ಕರ್‌ನಲ್ಲಿ ಬರೆಯಬೇಕು, ಕಮ್ಮಿ ಬಿದ್ದರೆ ಕೆಂಪು ಮಾರ್ಕರ್‌ನಲ್ಲಿ. ಒಂಬತ್ತು ವರ್ಷ, ದಿನಕ್ಕೆ ಎಂಟು ಸಲ, ನಾನು ಬರೆದದ್ದು ಇದನ್ನೇ.

ಮಾರ್ಚ್ ಅರ್ಧ ಕಳೆದ ಮೇಲೆ ನನ್ನ ಕೆಂಪು ಮಾರ್ಕರ್ ಬೇಗ ಬೇಗ ಖಾಲಿಯಾಗುತ್ತಿತ್ತು. ಬೆಳಗ್ಗೆ 80ಕ್ಕೆ 80 ಕೊಟ್ಟ ಲೈನು ಮಧ್ಯಾಹ್ನ ಎರಡರ ಮೇಲೆ 60 ಕೊಡುವುದಕ್ಕೂ ಒದ್ದಾಡುತ್ತಿತ್ತು. ಅದೇ ಟೈಲರ್‌ಗಳು, ಅದೇ ಮಿಷನ್, ಅದೇ ಶರ್ಟಿನ ಕಾಲರ್. ಫ್ಲೋರ್ ಇನ್‌ಚಾರ್ಜ್ ಬಂದು ಬೋರ್ಡಿನ ಮುಂದೆ ನಿಲ್ಲುತ್ತಿದ್ದರು. "ಏನ್ರಮ್ಮಾ, ಊಟ ಜಾಸ್ತಿ ಆಯ್ತಾ? ನಿದ್ದೆ ಮಾಡೋಕ್ ಬರ್ತೀರಾ ಇಲ್ಲಿಗೆ?" ಅಂತ ಇಡೀ ಲೈನಿಗೆ ಕೇಳಿಸುವ ಹಾಗೆ ಬೈಯುತ್ತಿದ್ದರು. ಯಾರೂ ತಲೆ ಎತ್ತುತ್ತಿರಲಿಲ್ಲ. ಮಾರ್ಕರ್ ಹಿಡಿದು ಪಕ್ಕದಲ್ಲೇ ನಿಂತಿದ್ದ ನಾನೂ ಬಾಯಿ ಬಿಡುತ್ತಿರಲಿಲ್ಲ. ಬಿಟ್ಟಿದ್ದರೂ ಏನು ಹೇಳಬಹುದಿತ್ತು? ಬೋರ್ಡಿನಲ್ಲಿ ಇದ್ದದ್ದು ಎರಡೇ ಸಾಲು. ಮಾಡಬೇಕಾದದ್ದು, ಮಾಡಿದ್ದು. ಆ ಗಂಟೆಯಲ್ಲಿ ಫ್ಲೋರ್ ಎಷ್ಟು ಕಾದಿತ್ತು ಅಂತ ಬರೆಯುವುದಕ್ಕೆ ಮೂರನೇ ಸಾಲು ಇರಲಿಲ್ಲ.

ಆ ಮೂರನೇ ಸಾಲನ್ನು ಕೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಇದು ನನ್ನೊಬ್ಬಳ ಅನಿಸಿಕೆ ಅಂತ ನೀವು ಪಕ್ಕಕ್ಕೆ ಇಡಬಾರದು. ಯಾಕಂದರೆ ನಾನು ಕಣ್ಣಲ್ಲಿ ನೋಡಿದ್ದನ್ನು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ಅದೂ ನಮ್ಮ ಬೆಂಗಳೂರಿನ ಫ್ಯಾಕ್ಟರಿಗಳಲ್ಲೇ.

ನನ್ನ ಮಗಳು ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಾಳೆ. ಒಂದು ಭಾನುವಾರ ಪ್ರಿಂಟ್ ತೆಗೆಸಿದ ಒಂದಷ್ಟು ಹಾಳೆ ತಂದು, "ಅಮ್ಮಾ, ನೀನು ಬರೀತಿದ್ದ ಬೋರ್ಡು ಇಲ್ಲಿದೆ ನೋಡು" ಅಂದಳು. ನಮ್ರತಾ ಕಲಾ ಅನ್ನುವ ಅರ್ಥಶಾಸ್ತ್ರಜ್ಞೆ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವವರು, ಅಚ್ಯುತ ಅಧ್ವರ್ಯು ಮತ್ತು ಅನಂತ್ ನೈಷಧಮ್ ಅನ್ನುವ ಇಬ್ಬರ ಜೊತೆ ಸೇರಿ ಮಾಡಿದ ಅಧ್ಯಯನ ಅದು. 2020ರಲ್ಲಿ ಪ್ರಕಟವಾಗಿದೆ. ಪರಿಸರ ಮತ್ತು ಹವಾಮಾನ ಬದಲಾದರೆ ಜನರ ದುಡಿಮೆ ಏನಾಗುತ್ತದೆ ಅನ್ನುವುದೇ ನಮ್ರತಾ ಅವರ ಕ್ಷೇತ್ರ. ಮುಂಗಾರು ಶುರುವಾಗುವ ದಿನವನ್ನು ರೈತರು ಹೇಗೆ ಅಂದಾಜು ಮಾಡುತ್ತಾರೆ ಅನ್ನುವುದರ ಮೇಲೂ ಅವರು ಕೆಲಸ ಮಾಡಿದ್ದಾರೆ. ನಾನು ನಾಗಮಂಗಲದ ಕಡೆಯವಳು. ಮಳೆ ನಂಬಿ ರಾಗಿ ಬಿತ್ತಿ, ಮಳೆ ಕೈಕೊಟ್ಟ ಮೇಲೆ ಬಸ್ ಹತ್ತಿ ಗಾರ್ಮೆಂಟ್ಸ್ ಸೇರಿದವಳು. ಹೊಲದ ಬಿಸಿಲು ಬೇಡ ಅಂತ ಬಂದವರಿಗೆ ಫ್ಯಾಕ್ಟರಿ ಒಳಗೂ ಬಿಸಿಲೇ ಸಿಕ್ಕಿತು ಅನ್ನುವುದನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಧ್ಯಯನದ ವಿಷಯ ಇಷ್ಟು. ಬೆಂಗಳೂರಿನ ಸುತ್ತಮುತ್ತಲ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಹೊಲಿಗೆ ಫ್ಲೋರ್‌ನ ಹಳೆಯ ದೀಪಗಳನ್ನು ತೆಗೆದು ಎಲ್‌ಇಡಿ ಹಾಕಿದರು. ಕರೆಂಟ್ ಉಳಿಸುವ ದೀಪ, ಅಷ್ಟೇ. ಇವರು ಒಂದೊಂದು ಲೈನಿನ ದಿನದಿನದ ಪ್ರೊಡಕ್ಷನ್ ಲೆಕ್ಕ ತೆಗೆದುಕೊಂಡು, ಆ ದಿನದ ಹವಾಮಾನದ ಪಕ್ಕ ಇಟ್ಟು ನೋಡಿದರು. ಅಂದರೆ ರೈಟರ್‌ಗಳು ಬರೆಯುವಂಥ ಲೆಕ್ಕದ ಪಕ್ಕ ಬಿಸಿಯ ಲೆಕ್ಕ. ಅವರು ನೋಡಿದ್ದು ನಾನಿದ್ದ ಫ್ಯಾಕ್ಟರಿಯನ್ನೇ ಅಂತ ನಾನು ಹೇಳುತ್ತಿಲ್ಲ. ಆದರೆ ನನ್ನಂಥ ಇನ್ನೊಬ್ಬಳು ಬರೆದ ಅಂಕಿಗಳು ಅಲ್ಲಿ ಇದ್ದೇ ಇರುತ್ತವೆ.

ಬಿಸಿ ಏರಿದ ಹಾಗೆ ಪ್ರೊಡಕ್ಷನ್ ಇಳಿಯುತ್ತದೆ. ಎಲ್ಲ ಕಡೆ ಒಂದೇ ಸಮನಾಗಿ ಇಳಿಯುವುದಿಲ್ಲ. ತಂಪು ಇರುವಾಗ ಒಂದೆರಡು ಡಿಗ್ರಿ ಏರಿದರೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ, ಒಂದು ಮಟ್ಟ ದಾಟಿದ ಮೇಲೆ ಪ್ರತಿ ಡಿಗ್ರಿಯೂ ಪೆಟ್ಟು ಕೊಡುತ್ತದೆ. ಮಗಳು ಇದನ್ನು ವಿವರಿಸುವಾಗ ನಾನು ತಲೆಯಾಡಿಸುತ್ತಾ ಕೂತಿದ್ದೆ. ಜನವರಿಯ ಮಧ್ಯಾಹ್ನ ಹಸಿರು ಮಾರ್ಕರ್, ಏಪ್ರಿಲ್ ಮಧ್ಯಾಹ್ನ ಕೆಂಪು ಮಾರ್ಕರ್. ಎಲ್‌ಇಡಿ ಹಾಕಿದ ಮೇಲೆ ಏನಾಯಿತು ಅಂದರೆ, ಬಿಸಿ ಜಾಸ್ತಿ ಇರುವ ದಿನಗಳಲ್ಲಿ ಪ್ರೊಡಕ್ಷನ್ ಏರಿತು. ಯಾಕೆ ಅಂತ ಟೈಲರ್‌ಗಳಿಗೆ ಗೊತ್ತು. ಹಳೆಯ ದೀಪ ಬೆಳಕಿನ ಜೊತೆ ಬಿಸಿಯನ್ನೂ ಸುರಿಯುತ್ತದೆ. ಅದು ಎಲ್ಲೋ ಚಾವಣಿಯಲ್ಲಿ ಇರುವುದಿಲ್ಲ. ಸೂಜಿಗೆ ಬೆಳಕು ಬೀಳಲಿ ಅಂತ ನೆತ್ತಿಯ ಹತ್ತಿರಕ್ಕೇ ಇಳಿಸಿ ಕಟ್ಟಿರುತ್ತಾರೆ. ದಿನವಿಡೀ ಅದರ ಕೆಳಗೆ ಕುಳಿತು ಸಂಜೆ ತಲೆಗೂದಲು ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಲೈನಿಗೆ ಅಂಥ ಎಷ್ಟು ದೀಪ, ಫ್ಲೋರಿಗೆ ಎಷ್ಟು ಲೈನ್, ನೀವೇ ಯೋಚನೆ ಮಾಡಿ.

ಆಮೇಲೆ ದುಡ್ಡಿನ ಲೆಕ್ಕ. ಕಂಪನಿಯ ಖರ್ಚಿನ ಅಂಕಿಗಳನ್ನೇ ಇಟ್ಟುಕೊಂಡು ನೋಡಿದಾಗ, ಸರಾಸರಿ ಒಂದು ಫ್ಯಾಕ್ಟರಿಗೆ ಕರೆಂಟ್ ಬಿಲ್‌ನಲ್ಲಿ ಉಳಿದದ್ದು ಸುಮಾರು 2,880 ಡಾಲರ್. ಬಿಸಿ ಕಮ್ಮಿಯಾಗಿ ಕೆಲಸ ಜಾಸ್ತಿ ಆದದ್ದರಿಂದ ಸಿಕ್ಕಿದ್ದು ಸುಮಾರು 7,500 ಡಾಲರ್. ಎರಡೂವರೆ ಪಟ್ಟಿಗಿಂತ ಜಾಸ್ತಿ! ದೀಪಕ್ಕೆ ಹಾಕಿದ ದುಡ್ಡು ವಾಪಸ್ ಬರುವ ಅವಧಿ, ಇದನ್ನೂ ಸೇರಿಸಿ ನೋಡಿದರೆ, ಮೂರರಲ್ಲಿ ಒಂದು ಭಾಗಕ್ಕಿಂತಲೂ ಕಮ್ಮಿಗೆ ಇಳಿಯಿತು. ಬರೀ ಕರೆಂಟ್ ಬಿಲ್ ನೋಡುವ ಮಾಲೀಕರಿಗೆ ಈ ದೊಡ್ಡ ಲಾಭ ಕಾಣುವುದೇ ಇಲ್ಲ. ಯಾಕಂದರೆ ಬಿಲ್ ಪ್ರತಿ ತಿಂಗಳು ಮೇಜಿಗೆ ಬರುತ್ತದೆ, ಫ್ಲೋರ್‌ನ ಬಿಸಿ ಯಾವ ಕಾಗದದಲ್ಲೂ ಬರುವುದಿಲ್ಲ. ಆ 7,500 ಡಾಲರ್‌ನಲ್ಲಿ ಟೈಲರ್‌ಗಳ ಪಾಲು ಎಷ್ಟು ಅಂತಲೂ ಕೇಳಬೇಕು. ಆದರೆ ಅದಕ್ಕೆ ಇನ್ನೊಂದು ಪತ್ರವೇ ಬೇಕಾಗುತ್ತದೆ, ಇಲ್ಲಿಗೆ ಬಿಡುತ್ತೇನೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಪರಿಸರದ ನೀತಿ ಅಂದ ತಕ್ಷಣ ಉದ್ಯಮದವರು ಖರ್ಚು ಅನ್ನುತ್ತಾರೆ, ಸರ್ಕಾರದವರು ಗಿಡ ನೆಡುವ ಕಾರ್ಯಕ್ರಮ ಅನ್ನುತ್ತಾರೆ. ಕರೆಂಟ್ ಉಳಿಸಿದರೆ ಭೂಮಿ ಬಿಸಿಯಾಗುವುದು ಕಮ್ಮಿಯಾಗುತ್ತದೆ ಅನ್ನುವುದು ನಿಜ. ಆದರೆ ಆ ಫಲ ನಮ್ಮ ಮೊಮ್ಮಕ್ಕಳ ಕಾಲಕ್ಕೆ. ಈ ಅಧ್ಯಯನ ತೋರಿಸಿದ್ದು, ಅದೇ ದೀಪ ಅದೇ ದಿನ, ಅದರ ಕೆಳಗೆ ಕುಳಿತ ಹೆಂಗಸಿನ ನೆತ್ತಿಯನ್ನೂ ತಂಪಾಗಿಸಬಹುದು ಅಂತ. ಎರಡೂ ಬೇರೆ ಬೇರೆ ಇಲಾಖೆಯ ವಿಷಯ ಅಂತ ನಾವು ಸುಮ್ನೆ ಅಂದುಕೊಂಡಿದ್ದೇವೆ.

ಇನ್ನೊಂದು ಅಧ್ಯಯನ 2021ರದ್ದು. ಇ. ಸೋಮನಾಥನ್, ರೋಹಿಣಿ ಸೋಮನಾಥನ್, ಅನಂತ್ ಸುದರ್ಶನ್, ಮೀನು ತಿವಾರಿ ಅನ್ನುವವರು ಮಾಡಿದ್ದು. ಅವರು ಸೂರತ್‌ನ ನೇಯ್ಗೆ ಘಟಕಗಳು, ದೆಹಲಿ ಕಡೆಯ ಗಾರ್ಮೆಂಟ್ ಫ್ಯಾಕ್ಟರಿಗಳು, ಭಿಲಾಯಿಯ ಉಕ್ಕಿನ ಕಾರ್ಖಾನೆ ಇವನ್ನೆಲ್ಲ ನೋಡಿದ್ದಾರೆ. ಇಡೀ ದೇಶದ ಫ್ಯಾಕ್ಟರಿಗಳ ಲೆಕ್ಕ ತೆಗೆದಾಗ, ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ವರ್ಷದ ಉತ್ಪಾದನೆ ಸುಮಾರು ಶೇ. 2ರಷ್ಟು ಇಳಿಯುತ್ತದೆ ಅಂತ ಅವರಿಗೆ ಕಂಡಿತು. ಅದರಲ್ಲಿ ನನ್ನ ಮನಸ್ಸಿಗೆ ನಾಟಿದ ವಿಷಯ ಬೇರೆ. ಒಳಗೆ ತಂಪು ಮಾಡಿದ ಕಡೆ ಕೆಲಸ ಕುಸಿಯುವುದು ನಿಂತಿತು, ಆದರೆ ಬಿಸಿಯ ದಿನಗಳಲ್ಲಿ ರಜಾ ಹಾಕುವುದು ನಿಲ್ಲಲಿಲ್ಲ. ಇದು ಯಾಕೆ ಅಂತ ನಮ್ಮ ಏರಿಯಾಕ್ಕೆ ಬಂದರೆ ತಿಳಿಯುತ್ತದೆ. ಗಾರ್ಮೆಂಟ್ಸ್‌ನವರು ಇರುವುದು ಒಂದು ರೂಮಿನ ಶೀಟಿನ ಮನೆಗಳಲ್ಲಿ. ಹಗಲೆಲ್ಲ ಕಾದ ಶೀಟು ರಾತ್ರಿ ಹನ್ನೆರಡಾದರೂ ಬಿಸಿ ಉಗುಳುತ್ತದೆ. ಮಕ್ಕಳಿಗೆ ಬೀಸಣಿಗೆ ಬೀಸುತ್ತಾ ಅರ್ಧ ರಾತ್ರಿ ಕಳೆದವಳು ಬೆಳಗ್ಗೆ ಐದಕ್ಕೆ ಎದ್ದು ಅಡುಗೆ ಮಾಡಿಟ್ಟು ಹೊರಡಬೇಕು. ಒಂದು ದಿನ ಮೈ ಏಳುವುದಿಲ್ಲ. ಅವತ್ತಿನ ಸಂಬಳವೂ ಹೋಗುತ್ತದೆ, ತಿಂಗಳ ಅಟೆಂಡೆನ್ಸ್ ಬೋನಸ್ಸೂ ಹೋಗುತ್ತದೆ.

ಬೆಂಗಳೂರಿಗೆ ಯಾಕಮ್ಮಾ ಈ ಚಿಂತೆ ಅಂತ ಕೇಳುವವರಿದ್ದಾರೆ. ಫ್ಯಾನ್ ಕೂಡ ಬೇಡದ ಊರು ಅಂತ ಹೆಸರಾಗಿದ್ದ ಊರು ಇದು. ಅದೇ ನಮಗೆ ಮುಳುವಾಯಿತು. ಚಳಿಯ ಊರು ಅಂತ ನಂಬಿಕೊಂಡು ಕಟ್ಟಿದ ಫ್ಯಾಕ್ಟರಿಗಳಿಗೆ ಬಿಸಿಯ ಯೋಚನೆಯೇ ಇರಲಿಲ್ಲ. ತಗಡಿನ ಚಾವಣಿ, ಚಿಕ್ಕ ಕಿಟಕಿ. ಆ ಕಿಟಕಿಗಳನ್ನೂ ಬಟ್ಟೆಗೆ ಧೂಳು ಕೂರುತ್ತದೆ ಅಂತ ಮುಚ್ಚಿಟ್ಟಿರುತ್ತಾರೆ. 2016ರ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾಯಿತು. ಊರಿನ ಇತಿಹಾಸದಲ್ಲೇ ಅಷ್ಟು ಬಂದಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ಮತ್ತೆ 38.5. ಇದು ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಇಟ್ಟ ಹವಾಮಾನ ಇಲಾಖೆಯ ಥರ್ಮಾಮೀಟರ್ ತೋರಿಸಿದ್ದು. ತಗಡಿನ ಕೆಳಗೆ, ಸಾಲು ಮಿಷನ್‌ಗಳ ನಡುವೆ ಎಷ್ಟಿತ್ತು? ಯಾರೂ ಅಳೆಯಲಿಲ್ಲ.

2016ರ ಏಪ್ರಿಲ್ ತಿಂಗಳು ನಿಮಗೂ ನೆನಪಿರಬಹುದು. ಅದೇ ತಿಂಗಳ 18 ಮತ್ತು 19ರಂದು ಪಿಎಫ್ ದುಡ್ಡು ತೆಗೆಯುವುದನ್ನು ಬಿಗಿ ಮಾಡಿದ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗೆ ಇಳಿದರು. ಕೇಂದ್ರ ಸರ್ಕಾರ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ಊರಿನ ಮಂದಿ ಮೊದಲ ಸಲ ನಮ್ಮನ್ನು ಅಷ್ಟು ಜನ ಒಟ್ಟಿಗೆ ನೋಡಿದರು. ಅದಾಗಿ ಒಂದೇ ವಾರಕ್ಕೆ ಆ ಬಿಸಿಲು. ಆ ವಾರದ ಒಂದು ಮಧ್ಯಾಹ್ನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಫಿನಿಶಿಂಗ್ ಪಕ್ಕದ ಲೈನ್. ಅಲ್ಲಿ ಸ್ಟೀಮ್ ಐರನ್‌ಗಳ ಹಬೆ ಸುತ್ತಿಕೊಂಡು ಬರುತ್ತದೆ. ಕಫ್ ಕೂರಿಸುವ ಟೈಲರ್, ನನಗಿಂತ ಐದಾರು ವರ್ಷ ಚಿಕ್ಕವಳು. ಮೂರು ಗಂಟೆ ಹೊತ್ತಿಗೆ ಅವಳ ಮುಂದೆ ಪೀಸ್ ಗುಡ್ಡೆ ಬಿದ್ದಿತ್ತು. ಬೆವರಿದ ಕೈ ಬಿಳಿ ಬಟ್ಟೆಗೆ ತಾಗಿದರೆ ಕಲೆ, ಕಲೆಯಾದರೆ ಪೀಸ್ ರಿಜೆಕ್ಟ್. ಅದಕ್ಕೇ ಅವಳು ಪ್ರತಿ ಪೀಸಿಗೂ ಮೊದಲು ಎರಡೂ ಅಂಗೈಯನ್ನು ಸೀರೆ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಒರೆಸು, ತೆಗೆ, ಕೂರಿಸು, ಹೊಲಿ. ಒರೆಸು, ತೆಗೆ, ಕೂರಿಸು, ಹೊಲಿ. ನಾನು ಬೋರ್ಡಿನ ಹತ್ತಿರ ನಿಂತು ನೋಡುತ್ತಲೇ ಇದ್ದೆ. ಪ್ರೊಡಕ್ಷನ್ ಎಲ್ಲಿ ಹೋಗುತ್ತಿದೆ ಅಂತ ಅವತ್ತು ನನಗೆ ಗೊತ್ತಾಯಿತು. ಆ ಒರೆಸುವುದರಲ್ಲಿ ಹೋಗುತ್ತಿತ್ತು. ಬೆಳಗ್ಗೆ ಅದು ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ತಲೆ ಮಿಷನ್ ಮೇಲೆ ವಾಲಿತು. ಬೀಳುವ ಮೊದಲೇ ಹಿಂದಿನವಳು ಹಿಡಿದುಕೊಂಡಳು. ಮುಖಕ್ಕೆ ನೀರು ಹಾಕಿ ಸಿಕ್ ರೂಮಿನಲ್ಲಿ ಮಲಗಿಸಿದೆವು. ಬೆಳಗ್ಗೆಯಿಂದ ನೀರು ಕುಡಿದಿದ್ದೀಯಾ ಅಂತ ನರ್ಸ್ ಕೇಳಿದರೆ, ಇಲ್ಲ ಅಂದಳು. ನಾವ್ಯಾರೂ ಕುಡಿಯುತ್ತಿರಲಿಲ್ಲ. ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕು, ಹೋದರೆ ಪೀಸ್ ನಿಲ್ಲುತ್ತದೆ, ನಿಂತರೆ ಬೈಗುಳ. ಹಾಗೆ ಬಿಗಿಹಿಡಿದು ಕೂತು ಉರಿಮೂತ್ರ ಅಂತ ಇಎಸ್‌ಐ ಆಸ್ಪತ್ರೆಗೆ ಅಲೆದವರು ನಮ್ಮ ಲೈನಿನಲ್ಲೇ ಎಷ್ಟೋ ಜನ. ಸಿಕ್ ರೂಮಿನ ರಿಜಿಸ್ಟರ್‌ನಲ್ಲಿ ಅವತ್ತು ಬರೆದದ್ದು ಎರಡೇ ಪದ: ತಲೆ ಸುತ್ತು. ಬೋರ್ಡಿನಲ್ಲಿ ನಾನು ಬರೆದದ್ದು ಒಂದು ಅಂಕಿ, ಕೆಂಪು ಅಕ್ಷರದಲ್ಲಿ.

ಈ ಕಾರಣಕ್ಕೇ, ಅರ್ಥಶಾಸ್ತ್ರಜ್ಞರ ಕೆಲಸವನ್ನು ಎಷ್ಟು ಮೆಚ್ಚಿಕೊಂಡರೂ ನನ್ನೊಳಗೆ ಒಂದು ಕೊರಗು ಉಳಿದಿದೆ. ಅವರು ಅಳೆದದ್ದು ಪೀಸ್. ಮಾಲೀಕರಿಗೆ ಅರ್ಥವಾಗುವ ಭಾಷೆ ಅದೇ, ಒಪ್ಪುತ್ತೇನೆ. ಆದರೆ ಪೀಸ್ ಕಮ್ಮಿಯಾಗುವ ಮೊದಲೇ ಮೈ ಸೋತಿರುತ್ತದೆ. ಎಷ್ಟೋ ಹೆಂಗಸರು ಮೈ ಸೋತರೂ ಪೀಸ್ ಕಮ್ಮಿ ಮಾಡುವುದಿಲ್ಲ. ಮರ್ಯಾದೆಗೆ ಅಂಜಿ, ಬೈಗುಳಕ್ಕೆ ಅಂಜಿ, ನೀರು ಬಿಟ್ಟು, ಊಟದ ಹೊತ್ತು ಕತ್ತರಿಸಿ ಟಾರ್ಗೆಟ್ ಮುಟ್ಟಿಸುತ್ತಾರೆ. ಅಂಥವರ ಮುಂದೆ ಬೋರ್ಡ್ ಹಸಿರಾಗೇ ಇರುತ್ತದೆ. ಆ ಹಸಿರು ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ಪೀಸ್ ಜೊತೆ ಬಿಸಿಯನ್ನೂ, ಸಿಕ್ ರೂಮಿನ ರಿಜಿಸ್ಟರನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಎಲ್‌ಇಡಿ ಅಧ್ಯಯನ ಮಾಡಿದ ಅದೇ ಮೂವರು 2022ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ಇದೆ. ಅದು ಧೂಳಿನದ್ದು. ಗಾಳಿಯಲ್ಲಿನ ಅತಿ ಸಣ್ಣ ಧೂಳು, ಪಿಎಂ 2.5 ಅನ್ನುತ್ತಾರಲ್ಲ, ಅದು ಏರಿದ ಹೊತ್ತಿನಲ್ಲಿ ಹೊಲಿಗೆಯವರ ಕೆಲಸ ಇಳಿಯಿತು. ಆದರೆ ಎಲ್ಲ ಲೈನಿನಲ್ಲೂ ಒಂದೇ ಥರ ಇಳಿಯಲಿಲ್ಲ. ತನ್ನ ಕೆಳಗಿನವರ ಮೇಲೆ ಗಮನ ಇಟ್ಟ ಸೂಪರ್‌ವೈಸರ್‌ಗಳು ಯಾರಿಗೆ ಕಷ್ಟವಾಗುತ್ತಿದೆ ಅಂತ ನೋಡಿ ಕೆಲಸ ಅದಲುಬದಲು ಮಾಡಿದರು, ಅಲ್ಲಿ ನಷ್ಟ ಕಮ್ಮಿಯಾಯಿತು. ಇದನ್ನು ಕೇಳಿದಾಗ ನನಗೆ ನಮ್ಮ ಒಬ್ಬ ಸೂಪರ್‌ವೈಸರ್ ಅಕ್ಕ ನೆನಪಾದರು. ಮಧ್ಯಾಹ್ನವಾದರೆ ಅವರು ಲೈನಿನ ಉದ್ದಕ್ಕೂ ಸುಮ್ನೆ ಒಂದು ಸಲ ನಡೆದುಕೊಂಡು ಹೋಗುತ್ತಿದ್ದರು. ಯಾರ ಕೆನ್ನೆ ಕೆಂಪಾಗಿದೆ, ಯಾರ ಕೈ ನಿಧಾನವಾಗಿದೆ ಅಂತ ನೋಡುತ್ತಿದ್ದರು. "ನೀನು ಒಂದ್ಗಂಟೆ ಬಟನ್ ಕಡೆ ಕೂತ್ಕೋ ಹೋಗವ್ವಾ, ಅಲ್ಲಿ ಗಾಳಿ ಬರುತ್ತೆ" ಅಂತ ಕಳಿಸುತ್ತಿದ್ದರು. ಅವರ ಲೈನಿನ ಬೋರ್ಡಿನಲ್ಲಿ ಕೆಂಪು ಕಮ್ಮಿ ಇರುತ್ತಿತ್ತು. ಬೈದು ಟಾರ್ಗೆಟ್ ತೆಗೆಸುವವರಿಗಿಂತ ಅವರ ಲೈನ್ ಮುಂದಿತ್ತು. ಆದರೆ ಅವರ ಒಳ್ಳೆಯತನ ಅವರದ್ದೇ ಆಗಿತ್ತು. ಯಾರೂ ಅದನ್ನು ಕಲಿಸಿರಲಿಲ್ಲ, ಯಾರೂ ಅದಕ್ಕೆ ಬೆಲೆಯನ್ನೂ ಕೊಡಲಿಲ್ಲ. ಅವರು ಕೆಲಸ ಬಿಟ್ಟ ಮೇಲೆ ಆ ಲೈನ್ ಕೂಡ ಬೇರೆ ಲೈನುಗಳ ಹಾಗೇ ಆಯಿತು.

ಈಗ ಕಾನೂನಿನ ಮಾತು. 1948ರ ಫ್ಯಾಕ್ಟರಿ ಕಾಯ್ದೆಯ 13ನೇ ಸೆಕ್ಷನ್ ಬಿಸಿಯ ಬಗ್ಗೆ ಸ್ಪಷ್ಟವಾಗಿ ಹೇಳಿತ್ತು. ಫ್ಯಾಕ್ಟರಿಯಲ್ಲಿ ಒಳ್ಳೆಯ ಗಾಳಿ ಓಡಾಡಬೇಕು, ಕೆಲಸ ಮಾಡುವವರಿಗೆ ತಕ್ಕಮಟ್ಟಿಗೆ ಹಿತವಾಗಿರುವ, ಆರೋಗ್ಯ ಕೆಡಿಸದ ಮಟ್ಟದಲ್ಲಿ ಬಿಸಿ ಇರಬೇಕು, ಗೋಡೆ ಮತ್ತು ಚಾವಣಿ ಕೂಡ ಅದಕ್ಕೆ ತಕ್ಕ ಹಾಗೆ ಇರಬೇಕು ಅಂತ. ಬಿಸಿ ತಗ್ಗಿಸಿ ಅಂತ ಲಿಖಿತ ಆದೇಶ ಕೊಡುವ ಅಧಿಕಾರ ಮುಖ್ಯ ಇನ್‌ಸ್ಪೆಕ್ಟರ್‌ಗೆ ಇತ್ತು. 250ಕ್ಕಿಂತ ಜಾಸ್ತಿ ಜನ ಇರುವ ಫ್ಯಾಕ್ಟರಿಯಲ್ಲಿ ಬೇಸಿಗೆಯಲ್ಲಿ ತಣ್ಣೀರಿನ ವ್ಯವಸ್ಥೆ ಮಾಡಲೇಬೇಕು ಅಂತ 18ನೇ ಸೆಕ್ಷನ್ ಹೇಳಿತ್ತು. ಈಗ ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. 2025ರ ನವೆಂಬರ್‌ನಲ್ಲಿ ಜಾರಿಯಾಗಿದೆ. ಅದರಲ್ಲೂ ಗಾಳಿ, ಬಿಸಿ, ತೇವ ಈ ಮೂರೂ ಮಾಲೀಕರ ಹೊಣೆಯ ಪಟ್ಟಿಯಲ್ಲಿವೆ. ಅಂದರೆ ನಾನು ಹೊಸ ಹಕ್ಕು ಕೇಳುತ್ತಿಲ್ಲ. ಎಪ್ಪತ್ತೈದು ವರ್ಷದ ಹಳೆಯ ಮಾತನ್ನು ಅಳೆದು ನೋಡಿ ಅಂತ ಕೇಳುತ್ತಿದ್ದೇನೆ. ಅಳೆಯದ ಮೇಲೆ ಹಿತವಾಗಿತ್ತೋ ಇಲ್ಲವೋ ಅಂತ ಹೇಳುವವರು ಯಾರು?

ಇದರ ನಡುವೆ 2023ರಲ್ಲಿ ನಮ್ಮ ರಾಜ್ಯದಲ್ಲೇ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆ ಮೀರದ ಹಾಗೆ, ದಿನಕ್ಕೆ 12 ಗಂಟೆವರೆಗೆ ಕೆಲಸ ಮಾಡಿಸಬಹುದು ಅಂತ ದಾರಿ ಮಾಡಿದಿರಿ. ಆ ಚರ್ಚೆಯಲ್ಲಿ ಗಂಟೆಗಳ ಲೆಕ್ಕ ಬಂತು, ಓವರ್‌ಟೈಮ್ ಲೆಕ್ಕ ಬಂತು. ಏಪ್ರಿಲ್‌ನ ಹನ್ನೆರಡು ಗಂಟೆಯೂ ಡಿಸೆಂಬರ್‌ನ ಹನ್ನೆರಡು ಗಂಟೆಯೂ ಒಂದೇ ಅಲ್ಲ ಅಂತ ಯಾರಾದರೂ ಹೇಳಬೇಕಿತ್ತು, ಅಲ್ವಾ?

ಬಿಸಿಯಲ್ಲಿ ಕೆಲಸ ಆಗುವುದಿಲ್ಲ ಅನ್ನುವುದು ಸರ್ಕಾರಕ್ಕೆ ಗೊತ್ತಿಲ್ಲದ ವಿಷಯವೇನಲ್ಲ. ಪ್ರತಿ ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿಗಳ ಸಮಯ ಬದಲಾಯಿಸುತ್ತೀರಿ. ಬೆಳಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಮುಗಿತಾಯ. ಬಹಳ ಒಳ್ಳೆಯ ಕೆಲಸ. ಅಲ್ಲಿನ ಬಿಸಿಲು ಕಂಡವರು ಯಾರೂ ಬೇಡ ಅನ್ನುವುದಿಲ್ಲ. ಬೇಸಿಗೆ ಬಂದರೆ, ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲಿಗೆ ಹೊರಗೆ ಹೋಗಬೇಡಿ ಅಂತ ಜನರಿಗೂ ಸಲಹೆ ಕೊಡುತ್ತೀರಿ. ಆ ಹೊತ್ತಿನಲ್ಲಿ ತಗಡಿನ ಒಳಗೆ ಇರುವವರಿಗೆ ಮಾತ್ರ ಯಾವ ಸಲಹೆಯೂ ಇಲ್ಲ. ಒಳಗೆ ಇದ್ದಾರೆ ಅಂದರೆ ನೆರಳಿನಲ್ಲಿ ಇದ್ದಾರೆ ಅಂತ ಲೆಕ್ಕ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರ ವರದಿಯಲ್ಲಿ ಒಂದು ಅಂದಾಜು ಕೊಟ್ಟಿತ್ತು. 2030ರ ಹೊತ್ತಿಗೆ ಬಿಸಿಯ ಕಾರಣಕ್ಕೇ ಭಾರತದಲ್ಲಿ ಶೇ. 5.8ರಷ್ಟು ಕೆಲಸದ ಗಂಟೆಗಳು ನಷ್ಟವಾಗಬಹುದು, ಅದು 3.4 ಕೋಟಿ ಜನರ ಪೂರ್ತಿ ಕೆಲಸಕ್ಕೆ ಸಮ ಅಂತ. 2030 ಈಗ ದೂರ ಇಲ್ಲ.

ನಾನು ಕೇಳುವುದು ಇಷ್ಟು. ಪ್ರತಿ ಗಾರ್ಮೆಂಟ್ ಫ್ಯಾಕ್ಟರಿಯ ಪ್ರತಿ ಫ್ಲೋರಿನಲ್ಲಿ ಬಿಸಿ ಅಳೆಯಬೇಕು, ಅದನ್ನು ಗಂಟೆ ಗಂಟೆಗೂ ಪ್ರೊಡಕ್ಷನ್ ಬೋರ್ಡಿನಲ್ಲೇ, ಟಾರ್ಗೆಟ್ ಮತ್ತು ಪೀಸ್ ಕೆಳಗೆ ಮೂರನೇ ಸಾಲಾಗಿ ಬರೆಯಬೇಕು ಅಂತ ರಾಜ್ಯದ ನಿಯಮದಲ್ಲಿ ಸೇರಿಸಿ. ಆಫೀಸಿನ ಕಂಪ್ಯೂಟರ್‌ನಲ್ಲಿ ಬೇಡ, ಬೋರ್ಡಿನಲ್ಲೇ ಬೇಕು. ಟೈಲರ್‌ಗೂ ಕಾಣಬೇಕು, ಇನ್‌ಚಾರ್ಜ್‌ಗೂ ಕಾಣಬೇಕು, ತಪಾಸಣೆಗೆ ಬಂದವರಿಗೂ ಕಾಣಬೇಕು. ಬರೀ ಸಾದಾ ಥರ್ಮಾಮೀಟರ್ ಸಾಲದು. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರೂ ಜೊತೆಗೆ ಇರಲಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಐರನ್ ಮಾಡುವ ಕಡೆ ಹಬೆಯಿಂದಾಗಿ ಇದೇ ಆಗುತ್ತದೆ. ಎರಡು ಥರ್ಮಾಮೀಟರ್ ಸೇರಿದರೂ ಒಂದು ಹೊಲಿಗೆ ಮಿಷನ್‌ನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

ಬರೆದು ಸುಮ್ಮನಿದ್ದರೆ ಪ್ರಯೋಜನ ಇಲ್ಲ, ಅದು ನನಗೂ ಗೊತ್ತು. ಒಂದು ಮಟ್ಟ ಗೊತ್ತು ಮಾಡಿ. ಅದು ದಾಟಿದ ಗಂಟೆಯಲ್ಲಿ ಟಾರ್ಗೆಟ್ ಇಳಿಯಬೇಕು, ಹತ್ತು ನಿಮಿಷ ನೀರಿಗೆ ಮತ್ತು ಟಾಯ್ಲೆಟ್‌ಗೆ ಅಂತ ಇಡೀ ಲೈನ್ ನಿಲ್ಲಬೇಕು. ಒಬ್ಬೊಬ್ಬರೇ ಏಳುವುದಕ್ಕೆ ಹೆದರುತ್ತಾರೆ, ಎಲ್ಲರೂ ಒಟ್ಟಿಗೆ ಎದ್ದರೆ ಹೆದರಿಕೆ ಇರುವುದಿಲ್ಲ. ಆ ಮಟ್ಟ ಎಷ್ಟಿರಬೇಕು ಅಂತ ವೈದ್ಯರನ್ನು ಕೇಳಿ, ಅರ್ಥಶಾಸ್ತ್ರಜ್ಞರನ್ನು ಕೇಳಿ, ಯೂನಿಯನ್‌ನವರನ್ನೂ ಕೂರಿಸಿಕೊಳ್ಳಿ. ಚಾವಣಿಗೆ ಬಿಳಿ ಬಣ್ಣ ಬಳಿಯುವುದು, ಮಿಷನ್‌ಗಳಿಗೆ ಪೆಡಲ್ ಒತ್ತಿದಾಗ ಮಾತ್ರ ತಿರುಗುವ ಸರ್ವೋ ಮೋಟರ್ ಹಾಕುವುದು, ಇವೆಲ್ಲ ಕರೆಂಟನ್ನೂ ಉಳಿಸುತ್ತವೆ, ಬಿಸಿಯನ್ನೂ ಇಳಿಸುತ್ತವೆ. ಹಳೆಯ ಕ್ಲಚ್ ಮೋಟರ್ ಹೊಲಿಯದೆ ಸುಮ್ಮನಿದ್ದಾಗಲೂ ತಿರುಗುತ್ತಲೇ ಇರುತ್ತದೆ, ಟೈಲರ್ ಕಾಲಿನ ಹತ್ತಿರ ಕಾಯುತ್ತಲೇ ಇರುತ್ತದೆ. ಉದ್ಯಮಕ್ಕೆ ಸಬ್ಸಿಡಿ ಕೊಡುವಾಗ ಇಂಥದ್ದಕ್ಕೆ ಕೊಡಿ. ಎಲ್‌ಇಡಿ ಲೆಕ್ಕ ನೋಡಿದ ಮೇಲೆ ಮಾಲೀಕರಿಗೂ ಇದು ನಷ್ಟದ ಮಾತಲ್ಲ ಅಂತ ಧೈರ್ಯವಾಗಿ ಹೇಳಬಹುದು.

ಸಿಕ್ ರೂಮಿನ ರಿಜಿಸ್ಟರ್ ಬಗ್ಗೆಯೂ ಯೋಚಿಸಿ. ತಲೆ ಸುತ್ತು, ತಲೆನೋವು, ವಾಂತಿ ಅಂತ ಬರೆಯುವ ಪುಸ್ತಕದಲ್ಲಿ ಆ ಹೊತ್ತಿನ ಬಿಸಿ ಎಷ್ಟಿತ್ತು ಅಂತಲೂ ಒಂದು ಮನೆ ಇರಲಿ. ಎರಡು ಬೇಸಿಗೆ ಹೀಗೆ ಬರೆದರೆ ಸಾಕು. ಆಮೇಲೆ ನಮ್ಮ ಮೈಯ ಲೆಕ್ಕ ಕೇಳುವುದಕ್ಕೆ ಅರ್ಥಶಾಸ್ತ್ರಜ್ಞರು ಪೀಸ್‌ಗಳನ್ನು ಎಣಿಸಬೇಕಾಗಿಲ್ಲ.

ಎಲ್ಲ ಕಡೆ ಒಮ್ಮೆಲೇ ಆಗುವುದಿಲ್ಲ ಅಂದರೆ, ಮೊದಲು ಸ್ವಲ್ಪ ಕಡೆ ಮಾಡಿ ನೋಡಿ. ಪೀಣ್ಯದಲ್ಲಿ ಹತ್ತು ಫ್ಯಾಕ್ಟರಿ, ಬೊಮ್ಮನಹಳ್ಳಿಯಲ್ಲಿ ಹತ್ತು, ರಾಮನಗರ ಮಂಡ್ಯದ ಕಡೆ ಹತ್ತು. ಈಗ ಕೆಲಸ ಹಳ್ಳಿಗಳ ಕಡೆಗೂ ಹೋಗುತ್ತಿದೆ. ಅಲ್ಲಿನ ಹೆಣ್ಣುಮಕ್ಕಳು ಬೆಂಗಳೂರಿಗಿಂತ ಜಾಸ್ತಿ ಬಿಸಿಲಿನಲ್ಲಿ ಕೂರುತ್ತಾರೆ.

ಥರ್ಮಾಮೀಟರ್ ಎಲ್ಲಿ ನೇತುಹಾಕಬೇಕು ಅಂತ ಮಾತ್ರ ದಯವಿಟ್ಟು ರೈಟರ್‌ಗಳನ್ನು ಕೇಳಿ. ಬಾಗಿಲ ಹತ್ತಿರ ಬೇಡ, ಅಲ್ಲಿ ಗಾಳಿ ಬರುತ್ತದೆ. ಇನ್‌ಚಾರ್ಜ್ ಮೇಜಿನ ಹತ್ತಿರವೂ ಬೇಡ, ಅಲ್ಲಿ ಫ್ಯಾನ್ ಇರುತ್ತದೆ. ಲೈನಿನ ನಡುವೆ, ಐರನ್ ಟೇಬಲ್‌ಗೆ ಹತ್ತಿರದ ಕಂಬಕ್ಕೆ, ಕುಳಿತ ಟೈಲರ್‌ನ ತಲೆಯ ಮಟ್ಟಕ್ಕೆ ಕಟ್ಟಿಸಿ. ತಪಾಸಣೆಗೆ ಬರುವವರು ಏಪ್ರಿಲ್‌ನಲ್ಲಿ ಬರಲಿ, ಊಟ ಮುಗಿದ ಮೇಲೆ, ಮೂರು ಗಂಟೆ ಹೊತ್ತಿಗೆ.

ಇಂತಿ,
ಗಾರ್ಮೆಂಟ್ಸ್‌ನ ಒಬ್ಬ ಹಳೆಯ ರೈಟರ್
ಬೆಂಗಳೂರು